ಹಿಂದಿನ ಎಡ ಚಕ್ರ

ಮೆಕ್ಯಾನಿಕ್ ಪೆಟ್ಟಿಗೆಯ ಮುಚ್ಚಳ ತೆಗೆದು ರೇಸ್ ಕಾರನ್ನು ಊಟದ ಮೇಜಿನ ಮೇಲಿಟ್ಟಾಗ ಅವನ ಭಾವ ಐದು ನಿಮಿಷ ಉಸಿರಾಡಲಿಲ್ಲ. ಭಾವ ಎಂದರೆ ಸಾಮಾನ್ಯನಲ್ಲ. ಒಂದು ಕಾಲದಲ್ಲಿ ‘ಬಿರುಗಾಳಿ’ ಎಂದು ಹೆಸರಾಗಿದ್ದ ರೇಸ್ ಡ್ರೈವರ್. ಮುಂದೆ ಹೋಗುವ ಕಾರಿನ ಬೆನ್ನು ಹೇಗಿರುತ್ತದೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ. ಅಂಥವನು ಈಗ ಒಂದು ಮೊಳ ಉದ್ದದ ರಟ್ಟಿನ ಕಾರಿನ ಮುಂದೆ ಬಾಯಿ ತೆರೆದು ಕೂತಿದ್ದ.

ತೆರೆಯದೆ ಏನು ಮಾಡಿಯಾನು? ನಲವತ್ತು ವರ್ಷದ ಹಿಂದೆ ಅವನು ಓಡಿಸಿದ್ದ ಕಾರೇ ಹತ್ತರಲ್ಲೊಂದು ಪಾಲಾಗಿ ಎದುರಿಗೆ ಬಂದು ನಿಂತಿತ್ತು. ಅದಕ್ಕಾಗಿ ಮೆಕ್ಯಾನಿಕ್ ಹದಿನಾಲ್ಕು ತಿಂಗಳು ಬೀದಿಯ ಚಪ್ಪಲಿ ಅಂಗಡಿಗಳಲ್ಲಿ ಒಂದು ರಟ್ಟಿನ ಡಬ್ಬಿಯನ್ನೂ ಉಳಿಸಿರಲಿಲ್ಲ. ಜನ ಹೊಸ ಚಪ್ಪಲಿಯನ್ನು ಕೈಯಲ್ಲಿ ನೇತುಹಾಕಿಕೊಂಡು ಮನೆಗೆ ಹೋಗಬೇಕಾಯಿತು. ಇಂಕು ಮುಗಿದ ಬಾಲ್‌ಪೆನ್ನಿನಿಂದ ಗೆರೆ ಕೊರೆದು ಮಡಿಸಿದ್ದ, ಹೆಣಿಗೆ ಕಡ್ಡಿಗೆ ಸುತ್ತಿ ಕೊಳವೆ ಮಾಡಿದ್ದ, ಕತ್ತರಿಸಿದ ಅಂಚಿನ ಬಿಳುಪು ಕಾಣದಂತೆ ಒಂದೊಂದು ಚೂರಿಗೂ ಬಣ್ಣ ಸವರಿದ್ದ. ಒಟ್ಟು ಎರಡು ಸಾವಿರದ ಮುನ್ನೂರ ನಲವತ್ತೊಂದು ಚೂರು. ಎಣಿಸಿದ್ದು ಅವನು, ನಾನಾಗಿದ್ದರೆ ಹತ್ತು ಸಾವಿರಕ್ಕೆ ಕಡಿಮೆ ಹೇಳುತ್ತಿರಲಿಲ್ಲ. ಬಾನೆಟ್ ಎತ್ತಿದರೆ ಇಂಜಿನ್, ಇಂಜಿನಿನ ಮೇಲೆ ಸೋರಿದ ಎಣ್ಣೆಯ ಕಲೆ. ಹತ್ತಿರ ಬೆಂಕಿಕಡ್ಡಿ ಗೀರಲು ಯಾರಿಗೂ ಧೈರ್ಯ ಬರುವಂತಿರಲಿಲ್ಲ.

“ಸೀಟಿನ ಹರುಕು ಎಲ್ಲೋ?” ಭಾವ ಪರೀಕ್ಷೆಗೆ ಇಳಿದ.

“ಬಲಗಡೆ ನೋಡಿ ಭಾವ. ನಿಮ್ಮ ಬೆಲ್ಟಿನ ಕೊಕ್ಕೆ ಹರಿದಿದ್ದು.”

“ಕನ್ನಡಿ ಸ್ವಲ್ಪ ವಾರೆ ಇತ್ತು.”

“ವಾರೇನೇ ಅಂಟಿಸಿದೀನಿ. ಅದರಲ್ಲಿ ನೀವು ರಸ್ತೆ ನೋಡಿದ್ದು ಯಾವತ್ತು? ಮೀಸೆ ತಾನೇ ನೋಡ್ಕೋತಿದ್ದಿದ್ದು!”

“ಈ ಬ್ರೇಕ್ ಪೆಡಲ್ ಯಾಕೋ ಹೊಸದರ ಹಾಗಿದೆ?”

“ನೀವು ಮುಟ್ಟಿದ್ರೆ ತಾನೇ ಸವೆಯೋದು?”

ಅಡುಗೆಮನೆಯಲ್ಲಿ ಅಕ್ಕ ಗಟ್ಟಿಯಾಗಿ ನಕ್ಕಳು. ಮೆಕ್ಯಾನಿಕ್‌ಗೆ ಅಕ್ಕ, ಬಿರುಗಾಳಿಗೆ ಹೆಂಡತಿ. ಕೊನೆಯ ರೇಸಿನ ಕೊನೆಯ ಸುತ್ತಿನಲ್ಲಿ, ಎಲ್ಲರಿಗಿಂತ ಮುಂದಿದ್ದಾಗ, ಹಿಂದಿನ ಎಡ ಚಕ್ರ ಕಳಚಿ ಜನರ ತಲೆಯ ಮೇಲೆ ಹಾರಿ ಪಕ್ಕದ ಊರನ್ನೂ ದಾಟಿ ಹೋಯಿತಲ್ಲ, ಅವತ್ತಿನಿಂದ ಅವಳ ಬಾಯಲ್ಲಿ ಒಂದೇ ಮಾತು. ಗಂಡ ಬೇಗ ಉಂಡರೂ, ಬೇಗ ನಡೆದರೂ, ನಿದ್ದೆಯಲ್ಲಿ ಗೊರಕೆಯ ವೇಗ ಹೆಚ್ಚಿಸಿದರೂ, “ಮೆಲ್ಲಗೆ ರೀ, ಚಕ್ರ ಕಳಚೀತು!” ಊರೂ ಹಾಗೇ ಅಂದಿತ್ತು. ತಿರುವಿನಲ್ಲಿ ಹುಚ್ಚನ ಹಾಗೆ ಹೊಡೆದ, ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು. ಆಮೇಲೆ ಬಿರುಗಾಳಿಯ ಕೈಗೆ ಯಾರೂ ಕಾರು ಕೊಡಲಿಲ್ಲ.

“ಓಡುತ್ತೇನೋ ಇದು?” ಎಂದ ಭಾವ. ಉತ್ತರಕ್ಕೆ ಕಾಯುವ ಜಾಯಮಾನ ಅವನದಲ್ಲ. ಒಂದು ಬೆರಳಿನಿಂದ ದೂಡಿಯೇಬಿಟ್ಟ. ಕಾರು ಉಪ್ಪಿನ ಡಬ್ಬಿಯನ್ನು ಹಿಂದೆ ಹಾಕಿತು, ನೀರಿನ ಜಗ್ಗಿನ ಹತ್ತಿರ ತಿರುಗಿತು, ಅಷ್ಟೇ. ಹಿಂದಿನ ಎಡ ಚಕ್ರ ಕಳಚಿಕೊಂಡು ಮೇಜಿನಿಂದ ನೆಲಕ್ಕೆ ಹಾರಿ, ಯಾರೋ ಕರೆದ ಹಾಗೆ ಅಡುಗೆಮನೆಯ ಕಡೆಗೆ ಉರುಳಿ ಹೋಯಿತು.

“ಅದೊಂದಕ್ಕೆ ಅಂಟು ಹಾಕೋದು ಮರೆತ್ಯೇನೋ?”

“ಮರೆತಿಲ್ಲ ಭಾವ, ಹಾಕಿಲ್ಲ.” ಮೆಕ್ಯಾನಿಕ್ ತಲೆ ಎತ್ತಲಿಲ್ಲ. “ಅವತ್ತು ಕಾರು ಹೇಗಿತ್ತೋ ಹಾಗೇ ಮಾಡಿದೀನಿ. ರೇಸಿನ ಮಧ್ಯೆ ನಾನೇ ಚಕ್ರ ಬದಲಾಯಿಸಿದ್ನಲ್ಲ... ಒಂದು ಚಕ್ರಕ್ಕೆ ಇರೋದೇ ಒಂದು ನಟ್ಟು. ಅದನ್ನ ಕೈಯಲ್ಲಿ ತಿರುಗಿಸಿದ್ದೆ ಅಷ್ಟೇ. ಸ್ಪ್ಯಾನರ್ ಹಾಕೋಷ್ಟರಲ್ಲಿ ನೀವು ‘ಆಯ್ತೇನೋ?’ ಅಂದ್ರಿ. ನಾನು ‘ಆಯ್ತು’ ಅಂದ್ಬಿಟ್ಟೆ. ನಲವತ್ತು ವರ್ಷದಿಂದ ಹೇಳೋಕೆ ಬಾಯಿ ಬರ್ಲಿಲ್ಲ. ಅದಕ್ಕೇ ಕೈಯಲ್ಲಿ ಮಾಡ್ಕೊಂಡು ಬಂದೆ.”

ಭಾವ ಎದ್ದು ಹೋಗಿ ಕಪಾಟಿನಿಂದ ತನ್ನ ಹಳೆಯ ಶೇವಿಂಗ್ ಡಬ್ಬಿ ತಂದ. ಬ್ರಷ್ಷಿನ ಕೆಳಗಿನಿಂದ ಒಂದು ಬಟ್ಟೆಯ ಗಂಟು ತೆಗೆದು ಬಿಚ್ಚಿದ. ಎಣ್ಣೆ ಸವರಿ ಇಟ್ಟಿದ್ದ ಉಕ್ಕಿನ ನಟ್ಟು. ರಟ್ಟಿನ ಕಾರಿನ ಪಕ್ಕದಲ್ಲಿಟ್ಟರೆ ಅದರ ಚಕ್ರದಷ್ಟೇ ದಪ್ಪ.

“ಮಾರನೇ ದಿನ ಹುಲ್ಲಲ್ಲಿ ಹುಡುಕಿ ತಂದೆ. ಇದರ ಒಳಗಿನ ಥ್ರೆಡ್ ಗೆರೆ ನೋಡು, ಎಲ್ಲಾದ್ರೂ ಸವೆದಿದ್ಯಾ? ಬಿಗಿ ಮಾಡಿದ್ದು ಕಿತ್ಕೊಂಡು ಬಂದಿದ್ರೆ ಹೀಗಿರುತ್ತೇನೋ?”

“ಗೊತ್ತಿತ್ತಾ ನಿಮಗೆ?” ಮೆಕ್ಯಾನಿಕ್ ನಟ್ಟಿನ ಮೇಲೆ ಬಗ್ಗಿದ. “ಹಾಗಿದ್ರೆ ಯಾಕೆ ಭಾವ...”

“ನಿನಗಾಗ ಇಪ್ಪತ್ತೆರಡು. ಹೇಳಿದ್ರೆ ಆಮೇಲೆ ನಿನ್ನ ಕೈಗೆ ಯಾರು ಸ್ಪ್ಯಾನರ್ ಕೊಡ್ತಿದ್ರೋ?”

ಅಷ್ಟರಲ್ಲಿ ಅಕ್ಕ ಬಾಗಿಲಿಗೆ ಬಂದಳು. ಹಿಟ್ಟು ಮೆತ್ತಿದ ಎರಡು ಬೆರಳುಗಳ ನಡುವೆ ರಟ್ಟಿನ ಚಕ್ರ.

“ಏನ್ರೀ, ಇದನ್ನೂ ಕಳಚಿ ಹಾಕಿದ್ರಾ?”

“ಅಕ್ಕಾ, ಅದು ಅವರಲ್ಲ...” ಎಂದು ಮೆಕ್ಯಾನಿಕ್ ಶುರು ಮಾಡಿದ. ಜೀವಮಾನದಲ್ಲಿ ಬ್ರೇಕ್ ಮುಟ್ಟದ ಬಿರುಗಾಳಿ ಮೇಜಿನ ಕೆಳಗೆ ಅವನ ಪಾದವನ್ನು ಪೂರಾ ಬಲ ಹಾಕಿ ತುಳಿದ. ನಟ್ಟಿನ ಮೇಲೆ ಅಂಗೈ ಮುಚ್ಚಿಕೊಂಡು ಹೆಂಡತಿಯತ್ತ ತಿರುಗಿದ.

“ತಿರುವು ಕಣೇ. ಸ್ವಲ್ಪ ಜೋರಾಗಿ ಹೊಡೆದ್ಬಿಟ್ಟೆ.”