ಮೂವತ್ತೊಂಬತ್ತು ಪಾಯಿಂಟ್ ನಾಲ್ಕು

"ಎಷ್ಟ ಐತೋ?" ಸುಂದ್ರವ್ವ ನಾಲಿಗೆಯಡಿಯಿಂದ ಥರ್ಮಾಮೀಟರ್ ತೆಗೆದು ಮಗನ ಕೈಗಿತ್ತಳು.

"ಮೂವತ್ತೊಂಬತ್ತು ಪಾಯಿಂಟ್ ನಾಲ್ಕವ್ವ," ಎಂದ ಬಾಳು. ನಿಪ್ಪಾಣಿಯಿಂದ ತಂದ ಡಿಜಿಟಲ್ ಯಂತ್ರ. ಸೆಲ್ಸಿಯಸ್ ಬಿಟ್ಟು ಬೇರೆ ಭಾಷೆ ಅದಕ್ಕೆ ಬಾರದು.

"ನೂರ ಸೈತ ಆಗಿಲ್ಲಲ್ಲೋ! ಹಂಗಾರ ನಾ ಸೋಯಾಬೀನ ಕಳೆ ತಗ್ಯಾಕ ಹೊಕ್ಕೀನಿ." ಮುದುಕಿ ಸೆರಗು ಬಿಗಿದು ಎದ್ದೇಬಿಟ್ಟಳು.

ಅವಳನ್ನು ದವಾಖಾನೆಗೆ ಹೊರಡಿಸಬೇಕೆಂದರೆ ಫ್ಯಾರನ್‌ಹೀಟಿಗೆ ತಿರುಗಿಸಿ ನೂರು ದಾಟಿದ ಲೆಕ್ಕ ತೋರಿಸಲೇಬೇಕು. ಬಾಳು ಮಾಸ್ತರನಿಗೆ ಅದೇನು ಮಹಾ? ಬೋರಗಾಂವದ ಹೈಸ್ಕೂಲಿನಲ್ಲಿ ಹದಿನೆಂಟು ವರ್ಷ ಗಣಿತ ಕಲಿಸಿದವನು! ಕ್ಯಾಲೆಂಡರಿನ ಹಾಳೆ ಹರಿದು, ಮೂವತ್ತೆರಡು ಕೂಡಿಸಿ, ಒಂಬತ್ತರಿಂದ ಗುಣಿಸಿ, ಐದರಿಂದ ಭಾಗಿಸಿದ.

"ಅವ್ವಾ, ನೂರಾ ಇಪ್ಪತ್ತೆಂಟೂವರಿ!"

"ಹಂಗಾರ ಹಂಚ ಯಾಕ ಬೇಕು? ನನ್ನ ಬೆನ್ನಮ್ಯಾಲ ರೊಟ್ಟಿ ಸುಡಂತ ಹೇಳು ನಿನ್ನ ಹೇಣ್ತಿಗಿ."

ಕೂಡಿಸುವ ಬದಲು ಕಳೆದು, ಒಂಬತ್ತು ಐದನ್ನು ಅದಲುಬದಲು ಮಾಡಿದ. ನಾಲ್ಕು ಬಂತು. ಕುದಿಯುತ್ತಿದ್ದ ತಾಯಿ ಹೆಪ್ಪುಗಟ್ಟಿದಳು. ಇದೇ ಲೆಕ್ಕ ತಪ್ಪಿದ್ದಕ್ಕೆ ಎಷ್ಟು ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೆನೋ ಎಂದು ನೆನೆದು ಅವನ ಕಿವಿ ಬಿಸಿಯಾದವು. ಆ ಬಿಸಿಯನ್ನಳೆದರೆ ಖಂಡಿತ ನೂರು ದಾಟುತ್ತಿತ್ತು.

ಅಷ್ಟರಲ್ಲಿ ಹೆಂಡತಿ ನೀಲಮ ಹಿಟ್ಟಿನ ಕೈ ಒರೆಸಿಕೊಂಡು ಬಂದು ಅತ್ತೆಯ ಹಣೆ ಮುಟ್ಟಿದಳು. "ನೂರಾ ಮೂರ ಐತ್ರಿ ಅತ್ತಿ. ನಡೀರಿ, ದವಾಖಾನಿಗೆ ಹೋಗೂಣು. ಅಂಗೈ ಹುಣ್ಣಿಗೆ ಕನ್ನಡಿ ಹುಡಕಾಕತ್ತಾರ ಇವ್ರು."

ಸುಂದ್ರವ್ವ ತಕರಾರಿಲ್ಲದೆ ಹೊರಟಳು. ಬಾಳು ಹಾಳೆ ಹಿಡಿದು ಹಿಂದೆ ನಡೆದ.

ದವಾಖಾನೆಯಲ್ಲಿ ಪಾಳಿಗಾಗಿ ಕಾಯುವಾಗ ಸೂತ್ರ ನೆನಪಾಯಿತು. ಮೊದಲು ಗುಣಾಕಾರ, ಆಮೇಲೆ ಕೂಡಿಸುವುದು! ಒಳಗೆ ಕರೆದದ್ದೇ ತಡ, ಎದೆಯುಬ್ಬಿಸಿ ಒಪ್ಪಿಸಿದ: "ನೂರಾ ಎರಡು ಪಾಯಿಂಟ್ ಒಂಬತ್ತು ಎರಡು, ಡಾಕ್ಟರ!"

"ಛಲೋ ಆತ್ರಿ ಮಾಸ್ತರ. ಜ್ವರ ಎಷ್ಟ ದಿನದಿಂದ ಐತಿ?"

ಬಾಳು ಹಾಳೆ ನೋಡಿದ. ಅದರಲ್ಲಿರಲಿಲ್ಲ.

"ನಾಕ ದಿನಾ ಆತ್ರಿ," ಎಂದಳು ನೀಲಮ.

ನಾಲ್ಕೂ ದಿನ ತಾಯಿಯ ಎದುರಿಗೇ ಕೂತು ಉಂಡಿದ್ದವನಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಸುಂದ್ರವ್ವ ಮಾತ್ರ ಮಗನ ಕಡೆಯೇ ನಿಂತಳು.

"ಅವಗ ಕೇಳಬ್ಯಾಡ್ರಿ ಸಾಹೇಬ್ರ. ಪಾಪ, ಊರ ಹುಡುಗರ ಪೇಪರ ತಿದ್ದೂದ್ರಾಗ ಅವಗ ಪುರಸೊತ್ತ ಇರಂಗಿಲ್ಲ."