ತುಳಿದ ಹಿಮ

ಮರುಭೂಮಿಯ ಕೆಂಪು ಕಣಿವೆಗೆ ಹಿಮ ಬಿದ್ದು, ಅದರ ಮೇಲೆ ಚಳಿಗಾಲದ ಎಳೆಬಿಸಿಲು ಹರಡುವ ಒಂದೇ ಒಂದು ಚಿತ್ರಕ್ಕಾಗಿ ಸುಗುಣ ಆರು ದಿನ ಕಾದಿದ್ದಳು. ಇಂದು ಬಿಸಿಲೇನೋ ಬಂತು. ಆದರೆ ಚಿತ್ರದೊಳಗೆ ಬರಬೇಕಿದ್ದ ಹಿಮವನ್ನೆಲ್ಲ ಯಾರೋ ಎಮ್ಮೆ ಹಿಂಡು ಹಾದಂತೆ ತುಳಿದಿದ್ದರು. ಅಲ್ಲಿದ್ದ ಇನ್ನೊಬ್ಬ ಫೋಟೋಗ್ರಾಫರ್ ಎಂದರೆ ವೀರಣ್ಣ ಮಾತ್ರ.

“ಇದು ನಿಮ್ಮ ಬೂಟಿನ ಗುರುತೇ ಅಲ್ವಾ?”

“ಹೌದಮ್ಮ, ನಂದೇ.”

“ಹೊಟ್ಟೆಕಿಚ್ಚಿಗೂ ಒಂದು ಮಿತಿ ಬೇಡ್ವಾ? ನಿನ್ನೆ ‘ಕಣಿವೆಯ ಆ ಅಂಚಲ್ಲಿ ನಿಲ್ಲಬೇಡ’ ಅಂದಾಗ್ಲೇ ಗೊತ್ತಾಯ್ತು, ಜಾಗ ನಿಮಗೇ ಬೇಕಿತ್ತು ಅಂತ.”

“ಬಾಯಲ್ಲಿ ಹೇಳಿದ್ರೆ ನೀನು ಕೇಳ್ಲಿಲ್ಲವಲ್ಲ,” ಎನ್ನುತ್ತ ವೀರಣ್ಣ ದೊಡ್ಡ ಕಲ್ಲೊಂದನ್ನು ಎರಡು ಕೈಯಲ್ಲಿ ಎತ್ತಿ ಆ ಅಂಚಿಗೆ ಎಸೆದರು.

ನಿನ್ನೆ ಅವಳು ಟ್ರೈಪಾಡ್ ಊರಿ ನಿಂತಿದ್ದ ಕಡೆ ಅಡಿಯಲ್ಲಿ ಬಂಡೆಯೇ ಇರಲಿಲ್ಲ. ಹಿಮವೆಲ್ಲ ಕಲ್ಲಿನ ಜೊತೆಗೇ ಕಣಿವೆಗೆ ಜಾರಿತು.