ಕದಲಿದ ಕೈ

ತಂಗಿಯ ಬಲಗೈ ಮಡಿಲಿನಿಂದ ಮೇಲೆದ್ದದ್ದನ್ನು ಅಕ್ಕ ನೋಡಿದಳು, ಆದರೆ ಬೈಯಲಿಲ್ಲ. ಚಿತ್ರ ಬರೆಸಿಕೊಳ್ಳಲು ಕೂತವರು ಕಣ್ಣು ಮಿಟುಕಿಸಿದರೂ ಸಿಡುಕುವ ಹೆಂಗಸು ಅವಳು. ಒಮ್ಮೆ ಸ್ವಂತ ಅತ್ತೆಗೇ ಸೀನಬೇಡಿ ಎಂದು ಗದರಿದ್ದಳು.

ನೃತ್ಯದ ನಡುವೆ ವೇದಿಕೆಯಿಂದ ಬಿದ್ದು ಎಂಟು ತಿಂಗಳಾದರೂ ತಂಗಿ ಒಂದು ಹೆಜ್ಜೆ ಕುಣಿದಿರಲಿಲ್ಲ. ಮೂಳೆ ಕೂಡಿಕೊಂಡಿತ್ತು, ಧೈರ್ಯ ಕೂಡಿಕೊಂಡಿರಲಿಲ್ಲ. "ನನ್ನಷ್ಟು ಕಲ್ಲಿನ ಹಾಗೆ ಕೂರೋರು ನಿಂಗೆ ಸಿಗಲ್ಲ ಬಿಡು" ಎಂದು ತಾನೇ ಬಂದು ಕಿಟಕಿಯ ಎದುರು ಕೂತಿದ್ದಳು. ಚಿತ್ರ ಮುಗಿಯುತ್ತಾ ಬಂದಾಗ ಹೊರಗೆ ಗಾಳಿ ಎದ್ದು ಬಿದಿರು ಬಾಗಿತು. ಅದರ ಜೊತೆ ತಂಗಿಯ ಕೈಯೂ ಮಡಿಲು ಬಿಟ್ಟು ಬಾಗಿತು, ಬಿದಿರು ಎದ್ದಾಗ ತಾನೂ ಎದ್ದಿತು. ಅವಳಿಗೆ ಅದರ ಪರಿವೆಯೇ ಇರಲಿಲ್ಲ.

ಅಕ್ಕ ಮುಗಿಯುತ್ತಾ ಬಂದಿದ್ದ ಚಿತ್ರದ ಮೇಲೆಯೇ ಕದಲುತ್ತಿದ್ದ ಆ ಕೈಯನ್ನು ಮತ್ತೆ ಬರೆದಳು, ಆಮೇಲೆ ಮತ್ತೊಂದು, ಇನ್ನೊಂದು. ಇದ್ದಿಲಿನ ಕಡ್ಡಿ ಪಟ್ಟನೆ ಮುರಿಯಿತು. ತಂಗಿ ಬೆಚ್ಚಿ ಕೈ ಇಳಿಸಿದಳು.

"ಅಯ್ಯೋ, ಅಲ್ಲಾಡಿಬಿಟ್ನಾ ಅಕ್ಕಾ? ಚಿತ್ರ ಕೆಟ್ಟೋಯ್ತಾ?"

"ಪೂರ್ತಿ ಕೆಟ್ಟೋಯ್ತು." ಅಕ್ಕ ಕಣ್ಣೊರೆಸಿಕೊಳ್ಳಲು ಹೋಗಿ ಮುಖಕ್ಕೆಲ್ಲ ಮಸಿ ಬಳಿದುಕೊಂಡಳು. ಹಲಗೆಗೆ ಹೊಸ ಹಾಳೆ ಸಿಕ್ಕಿಸಿ ಹೇಳಿದಳು, "ಈಗ ಎದ್ದು ನಿಂತು ಇದನ್ನೂ ಕೆಡಿಸು."